ಗಿರಣಿಯ ಒಳಗೆ ಉಳಿದ ಹಿಟ್ಟು

ಗುರುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ನಿಲಂಗಾದಲ್ಲಿರುವ ನಮ್ಮ ಮನೆಯ ಅಡಿಗೆಯ ಕೋಣೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಗಂಗವ್ವ, ಮತ್ತು ನನ್ನ ತಾಟಿನಲ್ಲಿ ಒಂದು ಜೋಳದ ರೊಟ್ಟಿ. ಕಲಾಪ ಆರಂಭವಾಗುವ ಮುನ್ನವೇ ಆಕ್ಷೇಪಣೆ ಬಂತು. ಬೆಳ್ಳಗಿನ ರೊಟ್ಟಿಯ ನಡುವೆ ಬೂದುಬಣ್ಣದ ಒಂದು ಗೆರೆ ಕಾಣುತ್ತಿತ್ತು.

“ನೋಡ್ರಿ ಇಲ್ಲೆ,” ಎಂದಳು ಗಂಗವ್ವ. “ನಮ್ದು ಬಿಳೀ ಜ್ವಾಳ. ನಾನೇ ಹಸನ ಮಾಡಿ ಡಬ್ಬಿ ತುಂಬಿ ಗಿರಣಿಗಿ ಕಳಿಸೀನಿ. ಇದು ಯಾರ ಸಜ್ಜಿ?”

ನಾನು ಮಠದ ಬೋರ್ಡಿಂಗಿನಲ್ಲಿ ಗಂಟೆಯ ಸಪ್ಪಳಕ್ಕೆ ಎದ್ದು, ಗಂಟೆಯ ಸಪ್ಪಳಕ್ಕೆ ಉಂಡು, ಗಂಟೆಯ ಸಪ್ಪಳಕ್ಕೆ ಮಲಗಿ ದೊಡ್ಡವನಾದವನು. ಮುಂದೆ ಶಾಲಾ ಮಾಸ್ತರನಾಗಿ ಅದೇ ಗಂಟೆಯನ್ನು ಇನ್ನೊಬ್ಬರ ಮಕ್ಕಳಿಗೆ ಬಾರಿಸಿದವನು. ಏಳಕ್ಕೆ ರೊಟ್ಟಿಯೆಂದರೆ ಏಳಕ್ಕೇ ರೊಟ್ಟಿ. ಆದ್ದರಿಂದ ವಿಚಾರಣೆಯನ್ನು ಮುಂದೂಡಿ, ಸಾಕ್ಷ್ಯವನ್ನು ಪಲ್ಯದೊಂದಿಗೆ ನುಂಗಿದೆ. ಗೆರೆ ಹೋಯಿತು, ಪ್ರಶ್ನೆ ಉಳಿಯಿತು. ಗಂಗವ್ವನ ಪ್ರಶ್ನೆಗಳ ಗುಣವೇ ಹಾಗೆ. ಇಂಥದೇ ಒಂದು ಪ್ರಶ್ನೆ ಕೇಳಿ ಆಕೆ ಹಿಂದೊಮ್ಮೆ ಈ ಊರಿನ ಒಂದು ಇಡೀ ಗಿರಣಿಯನ್ನು ನಿಲ್ಲಿಸಿದ್ದಳು. ಆ ಕಥೆಗೆ ಬರುತ್ತೇನೆ. ಮೊದಲು ಅದು ಇವತ್ತೇ ಏಕೆ ನೆನಪಾಯಿತೆಂಬುದನ್ನು ಹೇಳಬೇಕು.

ಇಂದು ಸಂಜೆ ನಾಲ್ಕಕ್ಕೆ ಚಾವಡಿಯ ಮುಂದೆ ಒಂದು ವ್ಯಾಖ್ಯಾನವಿದೆ, ಎಂದರೆ ಉಪನ್ಯಾಸ. ವಿಷಯ, “ಉದ್ಯಮಶೀಲತೆ: ಪರಿಚಯ ಮತ್ತು ಸಮಾಜದಲ್ಲಿ ಅದರ ಪಾತ್ರ.” ವ್ಯಾಖ್ಯಾನಕಾರರು ವಿಕಾಸ ಖಾತೆಯ ಒಬ್ಬ ತರುಣ ಸಾಹೇಬರು, ಪುಣೆಯ ಕಡೆಯವರು. ಅವರು ಮರಾಠಿಯಲ್ಲಿ ಮಾತಾಡುವವರು. ಅದಕ್ಕೆ ಮೊದಲು ವಿಷಯವನ್ನು ಕನ್ನಡದಲ್ಲಿ ಪರಿಚಯಿಸುವ ಭಾರ ನನ್ನ ಮೇಲೆ ಬಿದ್ದಿದೆ. ಆಯ್ಕೆಯ ಔಚಿತ್ಯವನ್ನು ನೀವೇ ನೋಡಿ. ಸಾಹೇಬರಿಗೆ ತಿಂಗಳ ಮೊದಲ ತಾರೀಖಿಗೆ ಪಗಾರ, ನನಗೆ ಪಿಂಚಣಿ. ಮಳೆ ಬಂದರೂ ಬರದಿದ್ದರೂ ಬದಲಾಗದ ಆದಾಯವುಳ್ಳ ನಾವಿಬ್ಬರೂ ಸೇರಿ, ಮೋಡ ನೋಡಿ ಬದುಕುವ ಜನಕ್ಕೆ ಸಾಹಸದ ಮಹತ್ವವನ್ನು ತಿಳಿಸಿಕೊಡಬೇಕು. ಜೀವಮಾನದಲ್ಲಿ ನಾನು ಸ್ವಂತ ಜವಾಬ್ದಾರಿಯ ಮೇಲೆ ಆರಂಭಿಸಿದ್ದು ಪ್ರಾರ್ಥನೆಯೊಂದೇ, ಅದೂ ಗಂಟೆ ಹೊಡೆದ ಮೇಲೆ.

ಆದರೆ ಸರಕಾರಗಳ ಮಾತನ್ನು ತೆಗೆದುಹಾಕಲಾಗದು. ನಮ್ಮ ತಾಲೂಕಿನ ಭಾಗ್ಯವೆಂದರೆ, ಊರು ಇದ್ದಲ್ಲೇ ಇರುತ್ತದೆ, ಸರಕಾರಗಳು ಬಂದುಹೋಗುತ್ತವೆ. ನಿಜಾಮರ ಆಳ್ವಿಕೆಯಲ್ಲಿ ನಮಗೆ ನಿಷ್ಠೆ ಕಡಿಮೆಯೆಂದು ಉರ್ದುವಿನಲ್ಲಿ ತಿಳಿಸಲಾಯಿತು. ಪೊಲೀಸ್ ಆಕ್ಷನ್ ಆದ ಮೇಲೆ ಹೈದರಾಬಾದ ರಾಜ್ಯದವರು ಬಂದು, ನಮಗೆ ಶಿಸ್ತು ಕಡಿಮೆಯೆಂದು ಇಂಗ್ಲಿಷಿನಲ್ಲಿ ತಿಳಿಸಿದರು. ಈಗ ಬೀದರ ಜಿಲ್ಲೆಯಿಂದ ಬಿಡಿಸಿ ಉಸ್ಮಾನಾಬಾದಕ್ಕೆ ಕಟ್ಟಿದ್ದಾರೆ. ನಾವು ಮುಂಬಯಿ ರಾಜ್ಯದವರಾಗಿದ್ದೇವೆ, ಮುಂಬಯಿಯನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಈ ಸರಕಾರ ನಮಗೆ ಉದ್ಯಮಶೀಲತೆ ಕಡಿಮೆಯೆಂದು ಮರಾಠಿಯಲ್ಲಿ ಕಂಡುಹಿಡಿದಿದೆ. ನಮ್ಮಲ್ಲಿ ಕೊರತೆಗಳಿಗೆ ಕೊರತೆಯಿಲ್ಲದಿರುವುದರಿಂದ ಯಾವ ಸರಕಾರವೂ ಬರಿಗೈಯಲ್ಲಿ ಹೋದದ್ದಿಲ್ಲ.

ಉದ್ಯಮಿ ಎಂದರೆ ಯಾರು? ಇದ್ದ ಸುಖವನ್ನು ಬಿಟ್ಟು, ಯಾರೂ ಕೇಳದಿರುವ ವಸ್ತುವನ್ನು ತಂದು, ಅದಿಲ್ಲದೆ ನೀವು ಇಷ್ಟು ದಿನ ಹೇಗೆ ಬದುಕಿದಿರಿ ಎಂದು ಎದುರಿನವರನ್ನೇ ಗದರಿಸುವವನು. ಇದು ನನ್ನ ವ್ಯಾಖ್ಯೆ. ಪುಸ್ತಕ ನೋಡಿ ಬರೆದದ್ದಲ್ಲ, ಗುರಪ್ಪನನ್ನು ನೋಡಿ ಬರೆದದ್ದು.

ಗುರಪ್ಪ ಉದಗೀರದ ಅಡತಿ ವ್ಯಾಪಾರಸ್ಥರ ಮನೆಯ ಕಿರಿಯ ಮಗ. ಬೋರ್ಡಿಂಗಿನಲ್ಲಿದ್ದು ನನ್ನ ಹತ್ತಿರ ಕಲಿತವನು. ಕಲಿತವನು ಎಂಬುದು ರೂಢಿಯ ಮಾತು. ಅವನ ಅಣ್ಣ ಚನ್ನಪ್ಪ ಸಾಹುಕಾರರು ಗಾದಿಯ ಮೇಲೆ ಕೂತರೆ ಮಧ್ಯಾಹ್ನದ ತನಕ ಅಲ್ಲಾಡದವರು. ಗುರಪ್ಪನಿಗೆ ಆ ಗಾದಿ ಮುಳ್ಳಾಗುತ್ತಿತ್ತು. ಮೊದಲು ಅವನು ಉಮರ್ಗಾಕ್ಕೆ ಹೋಗಿ, ಹೈದರಾಬಾದದ ದಾರಿಯ ಮೇಲೆ ಮೋಟಾರುಗಳು ನಿಲ್ಲುವಲ್ಲಿ ಗೋಲಿ ಸೋಡಾದ ಅಂಗಡಿ ಇಟ್ಟ. ಸೋಡಾ ಉತ್ತಮವಾಗಿತ್ತು, ಬಿಸಿಲು ಅದಕ್ಕಿಂತ ಉತ್ತಮವಾಗಿತ್ತು. ಆದರೆ ನಮ್ಮ ಕಡೆಯ ಮರ್ಯಾದಸ್ಥರು ಯಾವ ಪಾತ್ರೆಯನ್ನೂ ತುಟಿಗೆ ಹಚ್ಚುವುದಿಲ್ಲ. ಮೇಲಕ್ಕೆತ್ತಿ ಗಂಟಲಿಗೆ ಸುರಿದುಕೊಳ್ಳುತ್ತಾರೆ. ನೀರನ್ನು ಹಾಗೆ ಕುಡಿಯಬಹುದು. ಸೋಡಾವನ್ನು ಹಾಗೆ ಕುಡಿದವನ ಮೂಗಿನಿಂದ ಅದು ಹೊರಬರುತ್ತದೆ, ಉಳಿದದ್ದು ಅಂಗಿಯ ಮೇಲೆ ಇಳಿಯುತ್ತದೆ. ಗ್ಲಾಸು ಇಟ್ಟರೆ ಅದನ್ನು ತೊಳೆದವರು ಯಾರೆಂಬ ಪ್ರಶ್ನೆ. ಕೊನೆಗೆ ಗಿರಾಕಿಗಳು ಮನೆಯಿಂದ ತಂಬಿಗೆ ತಂದು, ಅದರಲ್ಲಿ ಸೋಡಾ ಸುರಿಸಿಕೊಂಡು, ನೆರಳು ಹುಡುಕಿ ಕೂತು ಕುಡಿಯುವಷ್ಟರಲ್ಲಿ ಅದು ಸಪ್ಪಗಿನ ನೀರಾಗುತ್ತಿತ್ತು. ಇಂಥ ನೀರು ನಮ್ಮ ಬಾವಿಯಲ್ಲೇ ಇದೆಯಲ್ಲ ಎಂದರು. ಅಂಗಡಿ ಮುಚ್ಚಿತು. ಸಮಾಜದಲ್ಲಿ ಉದ್ಯಮದ ಪಾತ್ರ ಹೀಗಾದರೆ, ಉದ್ಯಮದಲ್ಲಿ ಸಮಾಜದ ಪಾತ್ರವನ್ನೂ ಯಾರಾದರೂ ಬರೆಯಬೇಕು.

ಪೊಲೀಸ್ ಆಕ್ಷನ್ನಿನ ಗದ್ದಲ ಅಡಗಿ, ಸಂತೆಗಳು ಮತ್ತೆ ಸರಿಯಾಗಿ ಕೂಡತೊಡಗಿದ ಆ ವರ್ಷಗಳಲ್ಲಿ ಗುರಪ್ಪ ಹಿಟ್ಟಿನ ಗಿರಣಿಯ ಕನಸು ಕಂಡ. ಬಾವಿ ಹೊಲದಲ್ಲಿದ್ದ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಅಣ್ಣನ ದುಡ್ಡಿನಲ್ಲಿ ಮುಚ್ಚಿದ್ದ ಹತ್ತಿ ಕಾರಖಾನೆಯೊಂದರಿಂದ ಎಣ್ಣೆ ಎಂಜಿನ್ ತರಿಸಿಕೊಂಡು, ನಮ್ಮ ಓಣಿಯ ಕೊನೆಯ ಹಾಳು ವಾಡೆಯಲ್ಲಿ ಅದನ್ನು ಕೂಡಿಸಿದ. ಚನ್ನಪ್ಪ ಸಾಹುಕಾರರು ಒಂದು ಷರತ್ತು ಹಾಕಿದ್ದರು. ದೀಪಾವಳಿಯ ತನಕ ನೋಡುವುದು. ನಡೆಯದಿದ್ದರೆ ಪಾಡ್ಯ ಮುಗಿದ ಮೇಲೆ ಉದಗೀರದಿಂದ ಬಂಡಿ ಬರುತ್ತದೆ, ಎಂಜಿನ್ ಬಿಚ್ಚಿ ಹೇರಿಕೊಂಡು ಹೋಗಿ ಅಣ್ಣನ ಶೇಂಗಾ ಗಾಣಕ್ಕೆ ಹಚ್ಚುವುದು. ಗಂಡಹೆಂಡಿರೂ ಅದರ ಹಿಂದೆಯೇ ಬರುವುದು.

ಗುರಪ್ಪನಿಗೆ ಆ ಷರತ್ತು ಮುಖಭಂಗದ ವಿಷಯವಾಗಿತ್ತು. ಮುಖಭಂಗ ಅವನಿಗೆ ಹೊಸದಲ್ಲ. ಆದರೆ ಅವನ ಹೆಂಡತಿ ನೀಲವ್ವನಿಗೆ ಅದು ಕೈಯ ವಿಷಯ. ಉದಗೀರದ ಆ ದೊಡ್ಡ ಮನೆಗೆ ಆಕೆ ಕಿರಿಯ ಸೊಸೆ. ಮದುವೆಯಾಗಿ ಹೋದಂದಿನಿಂದ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು, ಇಡೀ ಮನೆಗೆ, ಬಂದವರಿಗೆ, ಹಮಾಲರಿಗೆ ಸಹ ಹಿಟ್ಟು ಬೀಸಿದವಳು. ಆಕೆಯ ಬಲಗೈಯ ಮಣಿಕಟ್ಟು ಬೇಸಿಗೆಯಲ್ಲೂ ಬಾತುಕೊಂಡಿರುತ್ತಿತ್ತು. ನಿಲಂಗಾಕ್ಕೆ ಬಂದ ಮೊದಲ ವಾರ ನಮ್ಮ ಮನೆಗೆ ಬಂದು ಗಂಗವ್ವನಿಗೆ ಹೇಳಿದ ಮಾತು ನನಗೂ ಕೇಳಿಸಿತ್ತು. “ಗಿರಣಿ ನಡದ್ರ ನಡೀಲಿ, ಬಿಟ್ರ ಬಿಡಲಿ, ಅದು ಅವರ ಚಿಂತಿ. ನನಗ ಆ ಕಲ್ಲಿನ ಮುಂದ ಹೊಳ್ಳಿ ಕೂಡೂದು ಬ್ಯಾಡ, ಗಂಗಕ್ಕ.” ಗಿರಣಿ ನಡೆಯದೆ ಇದು ಆಗುವಂಥದಲ್ಲ ಎಂಬುದನ್ನು ಆಕೆ ಗಂಡನಿಗಿಂತ ಬೇಗ ತಿಳಿದುಕೊಂಡಳು.

ಗಿರಣಿ ಶುರುವಾದ ದಿನ ಊರೆಲ್ಲ ನೆರೆದಿತ್ತು. ಪಾಟೀಲರ ಮನೆಯ ಜೋಳ ಮೊದಲು ಬಿತ್ತು. ಬಟ್ಟೆಯ ತೋಳಿನಿಂದ ಬಿಸಿಬಿಸಿ ಹಿಟ್ಟು ಡಬ್ಬಿಗೆ ಇಳಿಯಿತು. ಜನ ಬೆರಳಲ್ಲಿ ಹಿಡಿದು ನೋಡಿ ತಲೆದೂಗಿದರು. ಎರಡನೆಯ ಡಬ್ಬಿ ನಮ್ಮದು. ಗಂಗವ್ವ ಡಬ್ಬಿಯ ಮುಚ್ಚಳ ತೆಗೆದವಳು ತಟಕ್ಕನೆ ನಿಂತು, ಆ ಬಟ್ಟೆಯ ತೋಳನ್ನು ಮುಟ್ಟಿ ನೋಡಿ, ಕೇಳಿದಳು.

“ಒಳಗ ಉಳದದ್ದು ಯಾರದು?”

ಎಂಜಿನ್ನಿನ ಸದ್ದಿನಲ್ಲೂ ಆ ಪ್ರಶ್ನೆ ಎಲ್ಲರಿಗೂ ಕೇಳಿಸಿತು. ಹೌದು, ಒಂದು ಮನೆಯ ಹಿಟ್ಟು ಪೂರ್ತಿ ಹೊರಬರುವುದಿಲ್ಲ. ಕಲ್ಲಿನ ಸಂದಿಯಲ್ಲಿ, ಬಟ್ಟೆಯಲ್ಲಿ ಒಂದು ಹಿಡಿ ಉಳಿಯುತ್ತದೆ. ಮುಂದಿನವರ ಜೋಳ ಬಿದ್ದಾಗ ಅದು ಅವರ ಡಬ್ಬಿಗೆ ಇಳಿಯುತ್ತದೆ. ಪಾಟೀಲರದು ದೊಡ್ಡ ಮನೆ, ಅದು ಸರಿ. ಆದರೆ ಅವರ ಮನೆಯಲ್ಲಿ ಹಸನು ಮಾಡುವವರು ಯಾರು, ಕುಟ್ಟುವವರು ಯಾರು? ನಾವೆಲ್ಲ ಶರಣರ ಸಂತತಿ, ಲಿಂಗ ಕಟ್ಟಿದ ಮೇಲೆ ಭೇದವಿಲ್ಲವೆಂದು ವರ್ಷಕ್ಕೊಮ್ಮೆ ಪುರಾಣದಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವವರು. ಅಂದು ಕಣ್ಣು ಒಣಗಿದ್ದವು. ಒಬ್ಬೊಬ್ಬರಾಗಿ ಡಬ್ಬಿಗಳು ಮನೆಗೆ ಹೋದವು. ಮರುದಿನ ನಸುಕಿನಲ್ಲಿ ಓಣಿಯ ತುಂಬ ಬೀಸುಕಲ್ಲುಗಳು ಗುಡುಗಿದವು, ಎಂದಿಗಿಂತ ಒಂದಿಷ್ಟು ಜೋರಾಗಿ.

ಗುರಪ್ಪ ನನ್ನ ಹತ್ತಿರ ಬಂದ. ನನಗೆ ಯಾವ ಸಮಸ್ಯೆ ತಂದರೂ ನಾನು ಕೊಡುವ ಪರಿಹಾರ ಒಂದೇ, ವೇಳಾಪತ್ರಿಕೆ. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಒಂದೊಂದು ಓಣಿಗೆ ಒಂದೊಂದು ವಾರ ಹಂಚಿ ಬರೆದುಕೊಟ್ಟೆ. ಜಂಗಮರಿಗೆ ಸೋಮವಾರ, ಬಣಜಿಗರಿಗೆ ಮಂಗಳವಾರ, ಹೀಗೆ. ತಮ್ಮತಮ್ಮವರ ಹಿಟ್ಟು ತಮ್ಮತಮ್ಮಲ್ಲಿ ಬೆರೆತರೆ ಬಾಧೆಯೇನು? ಫಲಿತಾಂಶ ಹೀಗಾಯಿತು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಎಂಜಿನ್ ಮಾಡುವುದು ಎತ್ತಿನ ಕೆಲಸವೇ ಆದ್ದರಿಂದ ಅದಕ್ಕೂ ಸೂಟಿ ಕೊಡಬೇಕೆಂದು ಹಿರಿಯರು ಹೇಳಿದರು. ಉಳಿದ ವಾರಗಳಲ್ಲಿ ತಮ್ಮವರಲ್ಲೇ ಯಾರ ಮನೆಯದು ಮೊದಲೆಂಬ ವಾದ ಹುಟ್ಟಿತು, ಏಕೆಂದರೆ ಮೊದಲಿನವರಿಗೆ ಮಾತ್ರ ಕಲ್ಲು ಝಾಡಿಸಿ ಕೊಡಲಾಗುತ್ತಿತ್ತು. ತಮ್ಮನ ಹೆಂಡತಿಯ ಹಿಟ್ಟಿನ ಹಿಂದೆ ಅಣ್ಣನ ಹೆಂಡತಿ ಹಾಕಲು ಒಪ್ಪಲಿಲ್ಲ. ದಿನಕ್ಕೆ ಒಬ್ಬರೇ ಮೊದಲಿಗರು ಇರಬಹುದಾದ್ದರಿಂದ ಗಿರಣಿ ದಿನಕ್ಕೆ ಒಂದೇ ಡಬ್ಬಿ ಬೀಸಿತು. ಸುತ್ತಲಿನ ತಾಲೂಕುಗಳಲ್ಲಿ ಇಷ್ಟು ಶಿಸ್ತಿನ ಗಿರಣಿ ಇನ್ನೊಂದು ಇರಲಿಲ್ಲ.

“ಮಾಸ್ತರ,” ಎಂದ ಗುರಪ್ಪ, “ನಿಮ್ಮ ರಟ್ಟು ಭಾಳ ಚಂದ ಅದರಿ. ಬಂಡಿ ಬಂದಾಗ ಎಂಜಿನ್ನಿನ ಜೋಡಿ ಅದನೂ ಕಳಿಸ್ತೀನಿ.”

ಶ್ರಾವಣ ಮುಗಿಯಿತು. ನೀಲವ್ವ ಮಾತು ಕಡಿಮೆ ಮಾಡಿದಳು. ಕೆಲಸವಿಲ್ಲದ ಗಿರಣಿಯನ್ನು ದಿನವೂ ಗುಡಿಸಿ, ಒಳಗೆ ಉಳಿದ ಹಿಡಿ ಹಿಟ್ಟನ್ನು ಬಾಗಿಲಿಗೆ ಭಿಕ್ಷೆಗೆ ಬಂದ ಮಠದ ಅಯ್ಯನವರ ಜೋಳಿಗೆಗೆ ಹಾಕುತ್ತಿದ್ದಳು. ಅಯ್ಯನವರು ಓಣಿಯಿಂದ ಓಣಿಗೆ ನಡೆದು, ಮನೆಮನೆಯ ಹಿಡಿ ಹಿಟ್ಟನ್ನು ಒಂದೇ ಜೋಳಿಗೆಯಲ್ಲಿ ಕೂಡಿಸುವವರು. ಬಂಡವಾಳವಿಲ್ಲದೆ, ಎಂಜಿನ್ನಿಲ್ಲದೆ, ಗಿರಾಕಿಗಳೇ ಕೈಮುಗಿದು ಬರುವಂಥ ಉದ್ಯಮ ಅದು. ಸಾಹೇಬರು ಇಂದಿನ ವ್ಯಾಖ್ಯಾನದಲ್ಲಿ ಇದನ್ನು ಉಲ್ಲೇಖಿಸಲಿಕ್ಕಿಲ್ಲ. ಸೋಮವಾರ ಮಠದಲ್ಲಿ ಆ ಹಿಟ್ಟಿನ ರೊಟ್ಟಿಯೇ ಪ್ರಸಾದ. ಅಂಥ ಒಂದು ಸೋಮವಾರ ಪಂಕ್ತಿಯಲ್ಲಿ ಗಂಗವ್ವ ಎರಡನೆಯ ಸಲ ರೊಟ್ಟಿ ಹಾಕಿಸಿಕೊಂಡಳು. ಪಕ್ಕದಲ್ಲಿ ಕೂತ ನೀಲವ್ವ ಮೆಲ್ಲಗೆ ಕೇಳಿದಳಂತೆ.

“ಗಂಗಕ್ಕ, ಈ ರೊಟ್ಟಿ ಯಾರ ಹಿಟ್ಟಿಂದು?”

“ಯಾರದಂದ್ರ? ಮಠದ್ದು,” ಎಂದಳಂತೆ ಗಂಗವ್ವ, ಇದೆಂಥ ಪ್ರಶ್ನೆಯೆಂಬಂತೆ.

ಮರುದಿನ ಅಯ್ಯನವರು ಬಂದಾಗ ನಾನು ಗಿರಣಿಯಲ್ಲೇ ಇದ್ದೆ, ನನ್ನ ರಟ್ಟನ್ನು ಗೋಡೆಯಿಂದ ಇಳಿಸಿಕೊಳ್ಳಲು ಹೋಗಿದ್ದೆ.

“ಅಯ್ಯಾರ, ಈ ಜೋಳಿಗ್ಯಾಗ ಎಷ್ಟು ಮನಿ ಹಿಟ್ಟ ಬೀಳ್ತದ್ರಿ?” ಎಂದಳು ನೀಲವ್ವ.

“ಬಿದ್ದಷ್ಟು ಬೀಳ್ತದವ್ವ. ಲೆಕ್ಕ ಇಡಾವ ನಾ ಅಲ್ಲ.”

“ಇದರಾಗ ಪಾಟೀಲರದು ಯಾವುದು, ನಮ್ಮ ಮಾಸ್ತರದು ಯಾವುದಂತ ತಿಳೀತದೇನ್ರಿ?”

“ಜೋಳಿಗಿಗಿ ಬಿತ್ತಂದ್ರ ಮುಗೀತು. ಅದು ಯಾರದೂ ಅಲ್ಲ, ಶಿವಂದು.”

“ಹಂಗಾದ್ರ ಓಣಿ ಓಣಿ ತಿರುಗಿ ಕಾಲ ಯಾಕ ನೋಯಿಸ್ಕೋತೀರಿ? ಜೋಳಿಗಿ ಇಲ್ಲೇ ಕಟ್ಟರಿ, ಗಿರಣಿ ಬಾಯಿಗೆ.”

ಅಯ್ಯನವರು ಆಕೆಯ ಮುಖ ನೋಡಿದರು, ಗಿರಣಿ ನೋಡಿದರು, ಕೊನೆಗೆ ತಮ್ಮ ಕಾಲು ನೋಡಿಕೊಂಡರು. ಮೂರರಲ್ಲಿ ಯಾವುದು ಅವರನ್ನು ಒಪ್ಪಿಸಿತೋ ತಿಳಿಯದು. ನನ್ನ ಊಹೆ ಕಾಲಿನ ಕಡೆಗಿದೆ.

ಪದ್ಧತಿ ಇಷ್ಟೇ. ಹೊಸ ಡಬ್ಬಿಯ ಜೋಳ ಮೇಲೆ ಬಿದ್ದೊಡನೆ ಬಟ್ಟೆಯ ತೋಳನ್ನು ಮೊದಲು ಜೋಳಿಗೆಯೊಳಗೆ ಬಿಡುವುದು. ಹಿಂದಿನವರ ಉಳಿಕೆ, ಅದನ್ನು ತಳ್ಳಿಕೊಂಡು ಬಂದ ಮುಂದಿನವರ ಒಂದು ಹಿಡಿ, ಎರಡೂ ಶಿವಾರ್ಪಣ. ಆಮೇಲೆ ಬಂದದ್ದು ನಿಮ್ಮ ಡಬ್ಬಿಗೆ, ಅಪ್ಪಟ ನಿಮ್ಮದೇ. ಯಾವ ಬೆರಕೆಯನ್ನು ನೋಡಿ ಊರು ಹೇಸಿತ್ತೋ ಅದೇ ಬೆರಕೆ ಈಗ ಭಿಕ್ಷೆಯಾಯಿತು. ಹಿಟ್ಟು ಬೀಸಿಸಿದಂತೆಯೂ ಆಯಿತು, ನಡೆಯದೆ ಪುಣ್ಯ ಬಂದಂತೆಯೂ ಆಯಿತು. ಇಂಥ ಅಗ್ಗದ ಮೋಕ್ಷವನ್ನು ಬಿಡುವಷ್ಟು ನಮ್ಮವರು ವ್ಯವಹಾರಶೂನ್ಯರಲ್ಲ. ಒಂದೇ ವಾರದಲ್ಲಿ ವಾಡೆಯ ಮುಂದೆ ಡಬ್ಬಿಗಳ ಪಾಳಿ ಹತ್ತಿತು. ಬಂದವರು ಡಬ್ಬಿಯಿಟ್ಟು ನಿಂತರೆ ಅದೇ ಅವರ ಸರದಿ. ವಾರ ಬೇಡ, ಓಣಿ ಬೇಡ, ನನ್ನ ಕೆಂಪು ಶಾಯಿ ಬೇಡ. ಗಂಗವ್ವನೂ ಹೋದಳು. ತಾನು ಹಿಂದೆ ಕೇಳಿದ ಪ್ರಶ್ನೆ ಆಕೆಗೆ ನೆನಪಿರಲಿಲ್ಲ. ಮನೆಯಲ್ಲಿ ನೆನಪಿಸುವ ಧೈರ್ಯ ನನ್ನಲ್ಲಿರಲಿಲ್ಲ. ನಾನು ಉದ್ಯಮಿಯಲ್ಲವೆಂದು ಮೊದಲೇ ಹೇಳಿದ್ದೇನೆ.

ಆದರೆ ಪಾಳಿ ಹತ್ತಿದ ಸುದ್ದಿ ಉದಗೀರಕ್ಕೆ ಮುಟ್ಟುವ ಮೊದಲೇ ಪಾಡ್ಯ ಬಂತು, ಬಂಡಿಯೂ ಬಂತು. ಚನ್ನಪ್ಪ ಸಾಹುಕಾರರು ರವಿವಾರ ರಾತ್ರಿಯೇ ಬಂದು, ಎತ್ತಿಗೆ ನೊಗವಿಲ್ಲದ ಸೋಮವಾರ ಮಠದಲ್ಲಿ ಉಂಡು, ಮಠದಲ್ಲೇ ಮಲಗಿದರು. ಎಂಜಿನ್ ಕೀಳಲು ಬಂದವರು ಆ ಮನೆಯಲ್ಲಿ ಉಣ್ಣಬಾರದೆಂಬ ಸೌಜನ್ಯ ಅವರಲ್ಲಿತ್ತು. ಮಂಗಳವಾರ ಬೆಳಿಗ್ಗೆ ರುಮಾಲು ಸುತ್ತಿ, ಹಗ್ಗ, ಹಲಗೆ, ಆಳುಗಳ ಸಮೇತ ವಾಡೆಯ ಮುಂದೆ ಬಂಡಿ ನಿಲ್ಲಿಸಿದರು. ಹಗ್ಗದ ಅಡಿಯಲ್ಲಿ ಜೋಳದ ಚೀಲಗಳು ಕಂಡವು.

“ಎಂಜಿನ್ ಒಯ್ಯಾಕ ಬಂದಾವ್ರು ಜ್ವಾಳ ತಂದೀರಲ್ಲ ಸಾವಕಾರ?” ಎಂದೆ.

“ಬಂಡಿ ಖಾಲಿ ಯಾಕ ಒಯ್ಯೂದಂತ ಮನ್ಯಾಗ ಹಾಕ್ಯಾರ, ಮಾಸ್ತರ,” ಎಂದರು ಅವರು, ಸ್ವಲ್ಪ ಬೇರೆ ಕಡೆ ನೋಡುತ್ತ. “ಬಿಚ್ಚೂಕಿಂತ ಮೊದಲ ಒಮ್ಮಿ ಬೀಸಿ ಬಿಡಲಿ. ನೀಲವ್ವ ಇಲ್ಲಿಗಿ ಬಂದ ಮ್ಯಾಲಿಂದ ಅಲ್ಲೆ ಆಕಿ ಕೈ ನೋಯ್ತದಂತಾಳ.” ಆಕಿ ಎಂದರೆ ಅವರ ಹೆಂಡತಿ, ನೀಲವ್ವನ ಹಿರಿಯ ನೆಗೆಣ್ಣಿ. ಕಿರಿಯ ಸೊಸೆ ಹೋದ ಮೇಲೆ ಬೀಸುಕಲ್ಲು ಮೇಲಕ್ಕೆ ಬಡ್ತಿ ಪಡೆದಿತ್ತು.

ಆಳುಗಳು ಚೀಲ ಹೊತ್ತು ನೇರ ಒಳಗೆ ನುಗ್ಗಿದರು. ನೀಲವ್ವ ಜೋಳಿಗೆಯ ಹತ್ತಿರ ನಿಂತಿದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನೊಡನೆ ನೇರ ಮಾತಾಡುವುದಿಲ್ಲ. ಗುರಪ್ಪ ಎಂಜಿನ್ನಿನ ಹಿಂದೆ, ಬಹಳ ಅವಶ್ಯವಾದ ಯಾವುದೋ ತಿರುಪನ್ನು ಬಿಗಿಯುತ್ತಿದ್ದ. ಆದ್ದರಿಂದ ಇಬ್ಬರ ನಡುವೆ ಸುದ್ದಿ ದಾಟಿಸುವ ತಾರಿನ ಕಂಬ ನಾನೇ ಆದೆ.

“ಮಾಸ್ತರ, ಪಾಳಿ ಅದ ಅಂತ ಹೇಳ್ರಿ.”

“ಪಾಳಿ ಅದಂತ್ರಿ,” ಎಂದೆ.

ಸಾಹುಕಾರರಿಗೆ ಆಕೆಯ ಮಾತು ಮೊದಲೇ ಕೇಳಿಸಿತ್ತು. ಆದರೂ ನನ್ನ ಕಡೆಗೇ ತಿರುಗಿದರು. “ನಮ್ಮ ಎಂಜಿನ್. ನಮಗೆಂಥಾ ಪಾಳಿ ಅಂತ ಕೇಳ್ರಿ.”

“ಬಿಚ್ಚಿದ ಮ್ಯಾಲ ಅವರದು. ಬಿಚ್ಚೂತನಕ ಪಾಳಿ ಅಂತ ಹೇಳ್ರಿ.”

ಚೀಲಗಳು ಪಾಳಿಯ ಕೊನೆಗೆ ಹೋದವು. ಅಲ್ಲಿ ಅವುಗಳ ಮುಂದೆ, ತುಸು ದೂರದಲ್ಲಿ, ಬುಟ್ಟಿ ಹೊತ್ತು ಲಕ್ಷ್ಮವ್ವ ನಿಂತಿದ್ದಳು. ಊರ ಹೊರಗಿನ ಕೇರಿಯವಳು. ಸುಗ್ಗಿಯ ಕೂಲಿಗೆ ಬಂದ ಸಜ್ಜೆಯನ್ನು ತಂದಿದ್ದಳು. ಆ ಕೇರಿಯಿಂದ ಗಿರಣಿಗೆ ಅಂದಿನ ತನಕ ಯಾರೂ ಬಂದಿರಲಿಲ್ಲ. ಬರಬೇಡಿರೆಂದು ಬೋರ್ಡು ಹಾಕಿರಲಿಲ್ಲ. ಅಂಥ ವಿಷಯಗಳಿಗೆ ನಮ್ಮಲ್ಲಿ ಬೋರ್ಡು ಬೇಕಾಗುವುದಿಲ್ಲ. ನನ್ನ ಚಂದದ ರಟ್ಟಿನಲ್ಲೂ ಅವರಿಗೆ ವಾರವಿರಲಿಲ್ಲ. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಕಾಯಿದೆಯನ್ನು ನಾನು ಶಾಲೆಯಲ್ಲಿ ಓದಿ ಹೇಳಿದ್ದೆ, ಮಕ್ಕಳು ಸರಿಯಾಗಿ ಬರೆದುಕೊಂಡಿದ್ದರು.

ಪಾಳಿ ಸರಿಯುತ್ತ ಆಕೆಯ ಮುಂದೆ ಯಾರೂ ಉಳಿಯಲಿಲ್ಲ.

“ನಂದೂ ಬೀಳ್ತದೇನ್ರಿ ಯವ್ವಾ, ಆ ಜೋಳಿಗ್ಯಾಗ?” ಎಂದಳು ಲಕ್ಷ್ಮವ್ವ. ಕೇಳಿದ ರೀತಿಯಲ್ಲಿ ಬೇಡಿಕೆಯಿರಲಿಲ್ಲ. ಉತ್ತರ ಏನು ಬರುತ್ತದೋ ನೋಡೋಣವೆಂಬ ಕುತೂಹಲವಿತ್ತು.

ಬೇವಿನ ಕಟ್ಟೆಯ ಮೇಲೆ ಕೂತಿದ್ದ ಅಯ್ಯನವರ ಕಡೆ ಎಲ್ಲರೂ ನೋಡಿದರು. ಅಯ್ಯನವರು ಕಣ್ಣು ಮುಚ್ಚಿ ಜಪಕ್ಕೆ ತೊಡಗಿದರು. ಅಷ್ಟು ಸಮಯೋಚಿತವಾದ ಧ್ಯಾನವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನೀಲವ್ವ ಬಂಡಿಯ ಕಡೆ ನೋಡಿದಳು. ಅದರ ಮೇಲೆ ಹಗ್ಗ ಸುರುಳಿ ಬಿದ್ದಿತ್ತು. ಆಕೆಯ ಮನಸ್ಸಿನಲ್ಲಿ ಕಾಯಿದೆಯೂ ಇರಲಿಲ್ಲ, ಪುರಾಣವೂ ಇರಲಿಲ್ಲ. ಅಂಥ ಕಾರಣವನ್ನು ಆಕೆ ಮುಂದೆ ಎಂದೂ ಹೇಳಿಕೊಂಡದ್ದಿಲ್ಲ, ನಾನೂ ಆಕೆಯ ಮೇಲೆ ಹೊರಿಸಲಾರೆ. ಲಕ್ಷ್ಮವ್ವನನ್ನು ಹಿಂದೆ ಕಳಿಸಲು ಪಾಳಿ ಮುರಿದರೆ ಭಾವನಿಗಾಗಿಯೂ ಮುರಿಯಬೇಕು, ಆಮೇಲೆ ಪಾಟೀಲರಿಗೆ, ಆಮೇಲೆ ಎಲ್ಲರಿಗೂ. ಮತ್ತೆ ದಿನಕ್ಕೆ ಒಂದು ಡಬ್ಬಿ, ಮತ್ತೆ ಉದಗೀರ, ಮತ್ತೆ ಕಲ್ಲು. ಇಷ್ಟನ್ನು ಆಕೆ ಕಂಡಿದ್ದಳು.

“ಗಿರಣಿಗಿ ಬಾಯಿ ಒಂದ ಅದ, ಲಕ್ಷ್ಮವ್ವ. ಹಾಕು,” ಎಂದಳು.

ಸಜ್ಜೆ ಬಿತ್ತು. ಮೊದಲ ಹಿಡಿ ಜೋಳಿಗೆಗೆ ಇಳಿಯಿತು, ಉಳಿದದ್ದು ಬುಟ್ಟಿಗೆ. ಈಗ ಸರದಿ ಚನ್ನಪ್ಪ ಸಾಹುಕಾರರದು. ಅವರು ಚೀಲದ ಮೇಲೆ ಕೈಯಿಟ್ಟು ನಿಂತೇ ಇದ್ದರು.

“ಮಾಸ್ತರ, ಆಕಿದರ ಹಿಂದ ನಾ ಹಾಕೂದೇನು? ಒಳಗ ಉಳದದ್ದು ಯಾರದು ಅಂತ ಕೇಳ್ರಿ.”

“ಒಳಗ ಉಳದದ್ದು ಜೋಳಿಗಿದು ಅಂತ ಹೇಳ್ರಿ,” ಎಂದಳು ನೀಲವ್ವ, ಸೆರಗಿನೊಳಗಿಂದ. “ಜೋಳಿಗಿದು ಒಲ್ಲೆ ಅನ್ನಾವ್ರು ನಿನ್ನಿ ಮಠದಾಗ ಏನ ಉಂಡ್ರು ಅಂತನೂ ಕೇಳ್ರಿ.”

ನಾನು ಕೇಳಲಿಲ್ಲ. ತಾರಿನ ಕಂಬಕ್ಕೂ ಒಂದು ಮಿತಿಯಿದೆ.

ಸಾಹುಕಾರರು ಅಯ್ಯನವರನ್ನು ನೋಡಿದರು. ಜಪ ಇನ್ನೂ ಮುಗಿದಿರಲಿಲ್ಲ. ಆಳುಗಳಿಗೆ, “ಎತ್ರಿ ಚೀಲ,” ಎಂದರು. ಆಳುಗಳು ಎತ್ತಿದರು, ಆದರೆ ಯಾವ ಕಡೆಗೆಂದು ತಿಳಿಯದೆ ನಿಂತರು. ಎಂಜಿನ್ನಿನ ಹಿಂದೆ ತಿರುಪು ಬಿಗಿಯುವ ಸದ್ದೂ ನಿಂತಿತು. ಆಗ ನೀಲವ್ವ, ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಹೇಳಿದಳು.

“ಹೊಳ್ಳಿ ಒಯ್ಯೂದಿದ್ರ ಒಯ್ಯಲಿ, ಮಾಸ್ತರ. ಅಷ್ಟು ಜ್ವಾಳ ಅಲ್ಲೆ ಬೀಸಾವ್ರು ಯಾರು ಅಂತಷ್ಟ ಕೇಳ್ರಿ. ಎಂಜಿನ್ನೂ ಗಾಣಕ್ಕ ಹಚ್ಚಾವ್ರಿದ್ದಾರ, ನನ್ನ ಕೈನೂ ಮುರದಾವ.”

ಬಹಳ ಹೊತ್ತು ಕಳೆಯಿತೆಂದು ಬರೆಯುವುದು ಇಂಥಲ್ಲಿ ವಾಡಿಕೆ. ಬಹಳ ಹೊತ್ತೇನೂ ಕಳೆಯಲಿಲ್ಲ. ಸಾಹುಕಾರರು ಒಳ್ಳೆಯ ವ್ಯಾಪಾರಸ್ಥರು. ಹೆಂಡತಿಯ ನೋಯುವ ಕೈ ಒಂದು ಕಡೆ, ಲಕ್ಷ್ಮವ್ವನ ಒಂದು ಹಿಡಿ ಸಜ್ಜೆ ಇನ್ನೊಂದು ಕಡೆ. ಅಡತಿ ಅಂಗಡಿಯಲ್ಲಿ ಜೀವ ಸವೆಸಿದವರಿಗೆ ತಕ್ಕಡಿ ಯಾವ ಕಡೆ ಬಾಗುತ್ತದೆಂದು ತಿಳಿಯದೆ ಇರುತ್ತದೆಯೆ?

“ಹಾಕ್ರಿ,” ಎಂದರು ಆಳುಗಳಿಗೆ. ಆಮೇಲೆ ನನ್ನನ್ನು ನೋಡಿ, ಗೋಡೆಗೆ ಹೇಳುವಂತೆ, “ಸಣ್ಣಗ ಬೀಸಂತ ಹೇಳ್ರಿ,” ಎಂದರು.

ಬಂಡಿ ಹಿಟ್ಟು ಹೇರಿಕೊಂಡು ಉದಗೀರಕ್ಕೆ ಹೋಯಿತು. ಎಂಜಿನ್ನಿಗೆ ತಂದ ಹಗ್ಗ ಚೀಲಗಳ ಬಾಯಿ ಕಟ್ಟಲು ಉಪಯೋಗವಾಯಿತು.

ಅಂದಿನಿಂದ ಊರು ಬದಲಾಯಿತೆಂದು ನಾನು ಬರೆದರೆ ನೀವು ನಂಬಬಾರದು. ಬಾವಿ ಅಂದು ಎರಡಿದ್ದವು, ಇಂದೂ ಎರಡಿವೆ. ಲಕ್ಷ್ಮವ್ವ ಗಿರಣಿಯಲ್ಲಿ ನಿಲ್ಲುವ ದೂರ ಒಂದಿಷ್ಟು ಕಡಿಮೆಯಾಗಿದೆ, ಅಷ್ಟೇ. ಅದೂ ಜಾಗ ಸಾಲದ್ದಕ್ಕೆ. ಆದರೆ ಸೋಮವಾರದ ಪ್ರಸಾದದಲ್ಲಿ ಆಕೆಯ ಹಿಡಿ ಹಿಟ್ಟು ಇದ್ದೇ ಇರುತ್ತದೆ, ನಾವು ಕಣ್ಣಿಗೊತ್ತಿಕೊಂಡು ಉಣ್ಣುತ್ತೇವೆ. ನಮ್ಮ ಶರಣರು ಮಾತಿನಲ್ಲಿ ತಿಳಿಸಿ ಆಗದ್ದನ್ನು ಒಬ್ಬ ಹೆಣ್ಣುಮಗಳ ಬಾತ ಮಣಿಕಟ್ಟು ಅರ್ಧ ಮಾಡಿ ಮುಗಿಸಿತು. ಉಳಿದರ್ಧಕ್ಕೆ ಯಾವ ಗಿರಣಿ ಬರಬೇಕೋ, ಯಾರ ಕೈ ನೋಯಬೇಕೋ ತಿಳಿಯದು.

ಸಂಜೆ ನಾಲ್ಕಕ್ಕೆ ಸರಿಯಾಗಿ ಚಾವಡಿಗೆ ಹೋದೆ. ಸಾಹೇಬರು ತಡವಾಗಿ ಬಂದರು, ಉಮರ್ಗಾದಲ್ಲಿ ಮೋಟಾರು ಕೆಟ್ಟಿತ್ತಂತೆ. ನಾನು ನನ್ನ ವ್ಯಾಖ್ಯೆಯನ್ನು ಓದಿ, ಕೊಟ್ಟ ವೇಳೆಯೊಳಗೆ ಕೂತೆ. ಸಾಹೇಬರು ಉದ್ಯಮಶೀಲತೆಯಿಂದ ಸಮಾಜಕ್ಕಾಗುವ ಲಾಭಗಳನ್ನು ಹೇಳುತ್ತ ಹೋದರು. ನಿಲಂಗಾದ ಆದರ್ಶ ಉದ್ಯಮಿಯೆಂದು ಗುರಪ್ಪನಿಗೆ ಹಾರ ಹಾಕಿದರು; ಯಶಸ್ಸಿನ ಗುಟ್ಟು ಕೇಳಿದ್ದಕ್ಕೆ ಅವನು “ಹಿಮ್ಮತ್, ಸಾಹೇಬ,” ಎಂದು ಎದೆ ಮುಟ್ಟಿಕೊಂಡ. ಆಮೇಲೆ ತಾನೇ ಎದ್ದು ನಿಂತು, “ಸಾಹೇಬ, ತುಮ್ಹೀ ಕಾ ನಾಹೀ ಧಂದಾ ಕೇಲಾ?” ಎಂದು, ನೀವೇಕೆ ಧಂದೆ ಮಾಡಲಿಲ್ಲವೆಂದು, ವಿನಯದಿಂದ ವಿಚಾರಿಸಿದ. ಸಾಹೇಬರು ಗಡಿಯಾರ ನೋಡಿಕೊಂಡರು.

ನಡುವೆ ಗಿರಣಿಯ ಕುಕ್ ಕುಕ್ ಸದ್ದು ಎಷ್ಟು ಜೋರಾಗಿತ್ತೆಂದರೆ ಉದ್ಯಮದ ಮಾತು ಉದ್ಯಮದ ಸದ್ದಿನಲ್ಲಿ ಕೇಳದಂತಾಯಿತು. ವ್ಯಾಖ್ಯಾನ ಮುಗಿಯುವ ತನಕ ಎಂಜಿನ್ ನಿಲ್ಲಿಸಬೇಕೆಂದು ಸಾಹೇಬರು ತಮ್ಮ ಪಟ್ಟೆವಾಲನನ್ನು ಕಳಿಸಿದರು. ಅವನು ಹೋದಷ್ಟೇ ಬೇಗ ಹಿಂದಿರುಗಿ ಹೇಳಿದ. “ಪಾಳಿ ಅದಂತ್ರಿ.”

ಸಾಹೇಬರಿಗೆ ನಾನು ಅನುವಾದ ಮಾಡಲಿಲ್ಲ. ಎಂಜಿನ್ ನಡೆಯುತ್ತಿತ್ತು, ವ್ಯಾಖ್ಯಾನ ನಿಂತಿತು, ಚಹಾ ಬಂತು.

ಮನೆಗೆ ಬಂದು, ಕೈಕಾಲು ತೊಳೆದು, ಪೂಜೆ ಮುಗಿಸಿ, ಏಳಕ್ಕೆ ತಾಟಿನ ಮುಂದೆ ಕೂತೆ. ಹಾಜರಿದ್ದವರು ಬೆಳಗಿನವರೇ. ಅದೇ ಡಬ್ಬಿಯ ಹಿಟ್ಟು, ಅದೇ ಬೂದು ಗೆರೆ. ಜೋಳಿಗೆಯನ್ನು ತಪ್ಪಿಸಿಕೊಂಡು ಬರುವ ಹಿಟ್ಟೂ ಇರುತ್ತದೆ ಎಂದಾಯಿತು.

“ಯಾರ ಸಜ್ಜಿ, ತಿಳೀತೇನು?” ಎಂದು ಕೇಳಿದೆ.

“ನೀಲವ್ವನ್ನ ಕೇಳಿದೆ,” ಎಂದಳು ಗಂಗವ್ವ. “ಪಾಳಿ ಪ್ರಕಾರ ನಮ್ಮ ಮುಂದ ಲಕ್ಷ್ಮವ್ವಂದಿತ್ತಂತ.”

ನಾನು ತುತ್ತು ಹಿಡಿದು ಕಾದೆ. ಆಕೆ ಹಂಚಿನಿಂದ ಇನ್ನೊಂದು ರೊಟ್ಟಿ ತೆಗೆದು, ಗೆರೆಯಿದ್ದ ಕಡೆಯನ್ನು ಒಮ್ಮೆ ನೋಡಿ, ನನ್ನ ತಾಟಿಗೆ ಹಾಕಿದಳು.

“ಛಲೋ ಸಜ್ಜಿ ಅದ,” ಎಂದಳು. “ಉಣ್ಣರಿ.”

ಉಂಡೆ. ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿ ಅದರ ಜಾಗದಲ್ಲಿಟ್ಟೆ. ಇಂದಿನ ಕೆಲಸ ಇಲ್ಲಿಗೆ ಮುಗಿಯಿತು.